ಕಂಬಳಿಯೊಳಗಿನ ದೀಪ

ನಾನು ದೀಪವಾಗಿ ಹುಟ್ಟಿದವನಲ್ಲ. ಹುಟ್ಟಿದ್ದು ಬಿಸ್ಕತ್ತಿನ ತಗಡಿನ ಡಬ್ಬಿಯಾಗಿ. ಬಿಸ್ಕತ್ತು ಮುಗಿದ ಮೇಲೆ ಕುಷ್ಟಗಿಯ ಒಂದು ಕಿರಾಣಿ ಅಂಗಡಿಯಲ್ಲಿ ಮೊಳೆ ತುಂಬಿಕೊಂಡು ಬಹಳ ಕಾಲ ಕುಳಿತಿದ್ದೆ. ಅಲ್ಲಿಂದ ನನ್ನನ್ನು ಕೇಳಿ ತಂದವನು ಹುಲಿಗೆಪ್ಪ.

ಹುಲಿಗೆಪ್ಪ ಸಂತೆ ಬೀದಿಯ ತನ್ನ ಮನೆಯಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಕೊಡುತ್ತಿದ್ದ. ಹಳೆಯ ಮರದ ಕಪಾಟೊಂದನ್ನು ಅವನೇ ಮರಿ ಮಾಡುವ ಯಂತ್ರವಾಗಿ ಮಾರ್ಪಡಿಸಿದ್ದ. ಸುತ್ತಲಿನ ಹಟ್ಟಿಗಳವರು ಜವಾರಿ ಕೋಳಿಯ ಮೊಟ್ಟೆ ತಂದು ಕೊಟ್ಟು, ಮರಿ ಒಯ್ಯುತ್ತಿದ್ದರು. ಅವನು ನನ್ನ ಮುಚ್ಚಳದಲ್ಲಿ ದುಂಡಗೆ ತೂತು ಕೊರೆದ. ಮೊಟ್ಟೆಗೆ ಪೆಟ್ಟಾಗದಂತೆ ಅಂಚಿಗೆ ಸೈಕಲ್ ಟ್ಯೂಬು ಅಂಟಿಸಿದ. ಹೊಟ್ಟೆಯಲ್ಲಿ ಬಲ್ಬು ಕೂಡಿಸಿ, ಹಣೆಗೆ ಕುಂಕುಮ ಹಚ್ಚಿ, ಕೈಮುಗಿದು ಹೆಂಡತಿ ಫಕೀರವ್ವನನ್ನು ಕರೆದ.

“ಇದು ಸುಳ್ಳು ಹೇಳಂಗಿಲ್ಲ ನೋಡು. ಇದರ ಮುಂದ ನಾವೂ ಹೇಳಬಾರದು.”

ತೂತಿನ ಮೇಲೆ ಮೊಟ್ಟೆಯಿಟ್ಟರೆ ನನ್ನ ಬೆಳಕು ಅದರೊಳಗೆ ಹಾಯುತ್ತದೆ. ಜೀವ ಕಟ್ಟಿದ್ದರೆ ಕೆಂಪು ನರಗಳು ಕಾಣುತ್ತವೆ. ಬೆಳೆದು ಸತ್ತ ಮರಿಯಿದ್ದರೆ ಕಪ್ಪು. ಜೀವವೇ ಹುಟ್ಟದಿದ್ದರೆ ಬರೀ ತಿಳಿ. ಕಾವಿಗಿಟ್ಟ ಒಂದು ವಾರಕ್ಕೆ ಹುಲಿಗೆಪ್ಪ ಮೊಟ್ಟೆಯವರನ್ನು ಕರೆಸಿ, ಒಳಗಿನ ಕತ್ತಲು ಕೋಣೆಯಲ್ಲಿ ಎಲ್ಲವನ್ನೂ ತೋರಿಸುತ್ತಿದ್ದ. ಕಣ್ಣಾರೆ ಕಂಡವರು ಮುಂದೆ ತಕರಾರು ಮಾಡುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಜ್ವರ ಬಂದು ಅವನು ತೀರಿಕೊಂಡ. ಹೆಣ ಅಂಗಳದಲ್ಲಿತ್ತು. ಯಂತ್ರದಲ್ಲಿ ಮೊಟ್ಟೆಗಳಿದ್ದವು. ಫಕೀರವ್ವ ಅಳುತ್ತಲೇ ಎದ್ದು ಒಳಗೆ ಬಂದಳು. ಒಂದೊಂದನ್ನೇ ಮಗ್ಗುಲು ಬದಲಿಸಿ, ಬಾಗಿಲು ಮುಚ್ಚಿ, ಮತ್ತೆ ಹೋಗಿ ಗಂಡನ ಪಾದದ ಬಳಿ ಕುಳಿತಳು. ಅವನನ್ನು ಕರೆದುಕೊಂಡ ಶಿವನು ಅಷ್ಟು ಜೀವಗಳನ್ನು ಆಕೆಯ ಕೈಯಲ್ಲಿ ಬಿಟ್ಟುಹೋಗಿದ್ದ. ಆ ಸಲದ ಮರಿಗಳು ಚೆನ್ನಾಗಿ ಒಡೆದು ಬಂದವು.

ಆದರೆ ಹೊಸದೊಂದು ತೊಡಕು ಹುಟ್ಟಿತು. ಗಂಡನಿಲ್ಲದ ಹೆಣ್ಣಿನ ಕತ್ತಲು ಕೋಣೆಗೆ ಗಂಡಸರು ಹೇಗೆ ಬಂದಾರು? “ಇರಲಿ ಬಿಡವಾ, ನೀನ ನೋಡು” ಎಂದು ಹೊಸ್ತಿಲಲ್ಲೇ ತಿರುಗುತ್ತಿದ್ದರು. ನೋಡದವರಿಗೆ ನಂಬಿಕೆ ಕಡಿಮೆಯಾಯಿತು. ಮರಿ ಕಡಿಮೆ ಬಂದಾಗಲೆಲ್ಲ ಗೊಣಗಾಟ.

ಹಾಗೆ ತಿರುಗಿ ಹೋದವರಲ್ಲಿ ಕುರಿ ಸಾಕುವ ಮಾಳಪ್ಪನೂ ಒಬ್ಬ. ತನ್ನ ಹಟ್ಟಿಗೆ ಅವನೇ ಹಿರಿಯ. ಕುರಿಗೆ ಹಚ್ಚುವ ಕೆಂಪು ಬಣ್ಣದಿಂದಲೇ ಮೊಟ್ಟೆಗಳಿಗೂ ಗುರುತು ಹಾಕಿ ಕೊಟ್ಟಿದ್ದ. ಸಂತೆಯ ದಿನ ಹೆಂಡತಿ ಸಿದ್ದವ್ವನೊಡನೆ ಬಂದವನು ಬುಟ್ಟಿಯಲ್ಲಿದ್ದ ನಾಲ್ಕಾರು ಮರಿ ಕಂಡು ಬೀದಿಯಲ್ಲೇ ಕೂಗಿದ.

“ಬುಟ್ಟಿ ತುಂಬ ತತ್ತಿ ಕೊಟ್ಟೀನಿ. ಇಷ್ಟ ಏನವಾ? ನನ್ನ ಮರಿ ಯಾರಿಗೆ ಮಾರ್ಕೊಂಡಿ?”

“ಒಡೀಲಾರದ್ದು ಎಲ್ಲಾ ಇಲ್ಲೇ ತಗದಿಟ್ಟೀನಣ್ಣ. ನಿನ್ನ ಗುರುತು ನೀನ ನೋಡ್ಕೊ.”

ಗುರುತು ತನ್ನದೇ. ಮಾಳಪ್ಪ ಗುರುತಿನ ಮಾತು ಬಿಟ್ಟು, “ಹಂಗಾರ ನಿನ್ನ ಮಷಿನ್ನ ಕೆಟ್ಟೈತಿ. ತತ್ತಿ ಬೇಯ್ಸಿ ಇಟ್ಟೀದಿ. ಇನ್ನ ನಮ್ಮ ಹಟ್ಟಿಯಿಂದ ಒಂದು ತತ್ತೀನೂ ಬರಂಗಿಲ್ಲ” ಎಂದ.

ಜನ ಸೇರಿತು. ನಾನು ಒಳಗಿನಿಂದ ಕೇಳುತ್ತಿದ್ದೆ. ಆ ಮಾತು ಸಂತೆಯಲ್ಲಿ ನಿಂತುಬಿಟ್ಟರೆ ಫಕೀರವ್ವ ಯಂತ್ರ ಮಾರಿ ತಮ್ಮನ ಮನೆಯ ಮೂಲೆ ಸೇರಬೇಕಾಗಿತ್ತು. ಹುಲಿಗೆಪ್ಪ ಕಟ್ಟಿದ್ದೆಲ್ಲ ಅಲ್ಲಿಗೆ ಮುಗಿದಂತೆ.

ಆಕೆ ಅಳಲಿಲ್ಲ, ಬಯ್ಯಲೂ ಇಲ್ಲ. ಒಳಗೆ ಬಂದು ಗಂಡನ ಫೋಟೋಕ್ಕೆ ಕೈಮುಗಿದು, ಉದ್ದನೆಯ ವೈರಿನ ಸಮೇತ ನನ್ನನ್ನು ಎತ್ತಿಕೊಂಡು ಬೀದಿಯ ಕಟ್ಟೆಯ ಮೇಲೆ ಇಟ್ಟಳು. ನಡುಹಗಲು! ಬಿಸಿಲಲ್ಲಿ ನಾನೇನು ತೋರಿಸಬಲ್ಲೆ ಎಂದು ನಾನೇ ಅಂಜಿದೆ.

“ಮಾಳಪ್ಪಣ್ಣ, ಹೆಗಲ ಮ್ಯಾಗಿನ ಕಂಬಳಿ ತಗಿ. ನನ್ನ ಕೋಣಿಗೆ ಬರಾಕ ನಿನಗ ಸಂಕೋಚ. ಕತ್ತಲಿ ನಿನ್ನ ಹೆಗಲ ಮ್ಯಾಗ ಐತಲ್ಲ? ಹೊದ್ಕೊಂಡು ನೋಡು.”

ಜನ ನಕ್ಕರು. “ಹೊದ್ಕೊಳೋ ಮಾಳ್ಯಾ, ಮದುವಿ ದಿನ ನಾಚಿದಂಗ ನಾಚಬ್ಯಾಡ!” ಎಂದು ಯಾರೋ ಕೆಣಕಿದರು. ಮಾಳಪ್ಪ ಕಂಬಳಿ ಹೊದ್ದು ನನ್ನ ಮೇಲೆ ಬಾಗಿದ. ಕಪ್ಪು ಉಣ್ಣೆಯೊಳಗೆ ಗಟ್ಟಿ ಕತ್ತಲು. ನಾನು ಬೆಳಗಿದೆ.

ಫಕೀರವ್ವ ಮೊದಲು ಯಂತ್ರದಲ್ಲಿದ್ದ ಬೇರೆಯವರ ಎಳೆಯ ಮೊಟ್ಟೆಯೊಂದನ್ನು ಒಳಗೆ ಚಾಚಿದಳು. ಕೆಂಪು ನರಗಳ ನಡುವೆ ಸಾಸಿವೆಯಷ್ಟು ಜೀವ ಮಿಡಿಯುತ್ತಿತ್ತು. ಮಾಳಪ್ಪ ಇನ್ನಷ್ಟು ಬಾಗಿದ.

“ಯಪ್ಪಾ ಶಿವನೇ... ಹೊಡಕೊಳ್ಳಾಕತ್ತೈತಿ!”

“ಈಗ ನಿನ್ನವು ನೋಡು. ಮಷಿನ್ ಬೇಯ್ಸಿದ್ರ ಒಳಗ ಕರ್ರಗ ಸತ್ತ ಮರಿ ಇರತೈತಿ.”

ಒಂದಾದ ಮೇಲೊಂದು ಕೆಂಪು ಗುರುತಿನ ಮೊಟ್ಟೆ ನನ್ನ ಮೇಲೆ ಬಂದಿತು. ಎಲ್ಲವೂ ತಿಳಿ, ಬೆಳುದಿಂಗಳಂತೆ. ಕರಿ ನೆರಳು ಎಲ್ಲೂ ಇಲ್ಲ.

“ಇದರಾಗ ಜೀವಾನ ಹುಟ್ಟಿಲ್ಲಣ್ಣ. ಮನ್ಯಾಗ ಹುಂಜ ಐತೇನು?”

ಮಾಳಪ್ಪ ಕಂಬಳಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಸಿದ್ದವ್ವ ಸೆರಗು ಬಾಯಿಗೆ ಹಿಡಿದಳು.

“ಯಕ್ಕಾ, ಎಲ್ಲಿ ಹುಂಜ? ಅಳಿಯ ಬಂದಾಗ ಇವರ ಕೊಯ್ಸಿದ್ರು. ನಾ ಬ್ಯಾಡ ಅಂದೆ. ಅಳಿಯಗ ಹ್ಯಾಟಿ ಕೋಳಿ ಕೊಯ್ದರ ಮರ್ಯಾದಿ ಹೋಕೈತಿ ಅಂದ್ರು. ತತ್ತಿ ಕೂಡ್ಸಿದ್ದು ಆಮ್ಯಾಲ!”

ಸಂತೆಯೇ ನಕ್ಕಿತು. ಹುಂಜ ಹೋದ ಮೇಲೂ ಕೆಲವು ದಿನ ಇಟ್ಟ ಮೊಟ್ಟೆಗಳಲ್ಲಿ ಜೀವವಿರುತ್ತದೆ. ಆ ನಾಲ್ಕಾರು ಮರಿ ಅವುಗಳವು. ಫಕೀರವ್ವ ಮಾತ್ರ ನಗಲಿಲ್ಲ. ಹಿತ್ತಲಿನಿಂದ ತನ್ನ ಎರಡು ಹುಂಜಗಳಲ್ಲಿ ಒಂದನ್ನು ತಂದು ಸಿದ್ದವ್ವನ ಕೈಗೆ ಕೊಟ್ಟಳು.

“ಒಯ್ಯವಾ. ಹ್ಯಾಟಿ ಜೋಡಿ ಬಿಟ್ಟು, ಆಮ್ಯಾಲ ತತ್ತಿ ತಾ. ಅಳಿಯಗ ಮಾತ್ರ ತೋರಸಬ್ಯಾಡ.”

ಮಾಳಪ್ಪ ಕಂಬಳಿಯಿಂದ ತಲೆ ಹೊರಗೆ ತೆಗೆದ. ಬೆವರಿದ್ದ. “ತಪ್ಪಾತವಾ” ಎಂದವನು ಆ ಕಂಬಳಿಯನ್ನು ಮಡಿಸಿ ನನ್ನ ಪಕ್ಕದಲ್ಲೇ ಇಟ್ಟ. “ಇದು ಇಲ್ಲೇ ಇರಲಿ. ಎಲ್ಲಾರೂ ನೋಡ್ಲಿ.”

ಅಂದಿನಿಂದ ವಾರದ ನೋಟ ಕಟ್ಟೆಯ ಮೇಲೆ, ಊರ ಮುಂದೆ ನಡೆಯಿತು. ದೂರದ ಹಟ್ಟಿಗಳಿಂದಲೂ ಬುಟ್ಟಿಗಳು ಬಂದವು. ಹುಲಿಗೆಪ್ಪನ ಕಪಾಟಿನ ಪಕ್ಕದಲ್ಲಿ ಫಕೀರವ್ವ ಎರಡನೆಯ ಕಪಾಟನ್ನು ನಿಲ್ಲಿಸಿದಳು.

ಈಗ ನನಗೆ ತುಕ್ಕು ಹಿಡಿದಿದೆ. ನನ್ನ ಕೆಲಸವನ್ನು ಕಿರುಬೆರಳಿನಷ್ಟು ಟಾರ್ಚೊಂದು ಮಾಡುತ್ತದೆ. ನಾನು ಗೋಡೆಯ ದೇವರ ಮಾಡದಲ್ಲಿ, ಹುಲಿಗೆಪ್ಪನ ಫೋಟೋದ ಪಕ್ಕದಲ್ಲಿದ್ದೇನೆ. ಅವನಿಗೆ ಹಚ್ಚಿದ ಕುಂಕುಮದ ಬೆರಳು ನನ್ನ ಹಣೆಗೂ ಬರುತ್ತದೆ. ಒಬ್ಬನು ಹೋದ ಮನೆಯಲ್ಲಿ ದಿನವೂ ಚಿಲಿಪಿಲಿ ಕೇಳುತ್ತದೆ. ನನ್ನ ಬೆಳಕು ವ್ಯರ್ಥವಾಗಲಿಲ್ಲ ಸ್ವಾಮಿ.

ಸಂತೆಯ ದಿನ ಹೊಸಬರು ಯಾರಾದರೂ ಕಟ್ಟೆಯ ಬಳಿ ದನಿ ಏರಿಸಿದರೆ, ಈಗ ಫಕೀರವ್ವ ಉತ್ತರ ಕೊಡಬೇಕಾಗಿಯೇ ಇಲ್ಲ. ಬೀದಿಯ ಆ ಬದಿಯಿಂದ ಮುದುಕ ಮಾಳಪ್ಪನ ಗದರಿಕೆ ಒಳಗಿನ ನನ್ನವರೆಗೂ ಕೇಳಿಸುತ್ತದೆ:

“ಏ ತಮ್ಮಾ, ಮೊದಲ ನನ್ನ ಕಂಬಳ್ಯಾಗ ತಲಿ ಹಾಕು. ಆಮ್ಯಾಲ ಬಾಯಿ ತಗಿ!”