ಸ್ಟೀನಿಯ ಗೋಡೆ, ಐಲ್ಸಾಳ ಚುಕ್ಕಿಗಳು

ನವೆಂಬರಿನ ಬಿರುಗಾಳಿ ತಗ್ಗಿತೆಂದರೆ ಆರ್ಕ್ನಿ ದ್ವೀಪಸಮೂಹದ ನಮ್ಮ ಪುಟ್ಟ ದ್ವೀಪದಲ್ಲಿ ಎಲ್ಲರಿಗೂ ಒಂದೇ ಕೆಲಸ, ಉರುಳಿದ ಕಲ್ಲುಗಳನ್ನೆತ್ತಿ ಗೋಡೆಗೆ ಸೇರಿಸುವುದು. ಗೋಡೆ ದ್ವೀಪವನ್ನು ಸುತ್ತುಗಟ್ಟಿದೆ. ಒಳಗೆ ನಾವು, ಹೊರಗೆ ಕಡಲಂಚಿನಲ್ಲಿ ಕುರಿಗಳು. ಅವು ಕಡಲಪಾಚಿ ತಿಂದು ಬದುಕುವ ಜಾತಿ. ಬಹಳ ದಿನ ಹುಲ್ಲು ಮೇಯ್ದರೆ ಕಾಯಿಲೆ ಬಿದ್ದು ಸಾಯುತ್ತವೆ.

ಗೋಡೆಯಲ್ಲಿ ಮನೆಗೊಂದು ಪಾಲು. ಸ್ಟೀನಿಯ ಪಾಲು ಮೂರು ಚಳಿಗಾಲದಿಂದ ಬಿದ್ದೇ ಇತ್ತು. ಆ ಕಿಂಡಿಗೆ ಅವನು ಹಳೆಯ ಕಬ್ಬಿಣದ ಮಂಚವೊಂದನ್ನು ಅಡ್ಡ ನಿಲ್ಲಿಸಿದ್ದ. ಪಕ್ಕದ ಮನೆಯ ಮೆರನಕ್ಕನ ಕುರಿಗಳು ಮಂಚ ಹಾರಿ ಒಳಗೆ ಬಂದು ಮೆರನಕ್ಕನದೇ ಎಲೆಕೋಸು ತಿಂದು ಹೋಗುತ್ತಿದ್ದವು. ಬೈಗುಳ ಮಾತ್ರ ಸ್ಟೀನಿಗೆ.

ಅಂದು ಮಧ್ಯಾಹ್ನ ಅವನು ಕೊನೆಯ ಕಲ್ಲು ಇಟ್ಟ. ಎಪ್ಪತ್ತು ದಾಟಿದ ಮೆರನಕ್ಕ ಬಂದು ಗೋಡೆಯನ್ನು ಬೂಟುಗಾಲಿನಿಂದ ಒದ್ದು ನೋಡಿದಳು.

"ಏನೋ ಸ್ಟೀನಿ, ನಿನ್ನ ಮದುವೆಗಿಂತ ಗಟ್ಟಿಯಾಗೈತಲ್ಲೋ!"

"ಮಾತು ಬೇಡ ಅಕ್ಕ. ನಿನ್ನ ಋಣ ತೀರ್ತು ಅಂತ ಬಾಯಿಬಿಟ್ಟು ಹೇಳು."

"ತೀರ್ತು ಮಾರಾಯ, ತೀರ್ತು."

"ಕೇಳಿಸ್ಕೊಂಡ್ಯಾ?" ಎಂದು ಸ್ಟೀನಿ ನನ್ನತ್ತ ತಿರುಗಿದ. ಪಕ್ಕದ ಪಾಲು ನನ್ನದು. ಕೇಳಿಸಿತ್ತು.

ಅಷ್ಟರಲ್ಲಿ ಐಲ್ಸಾ ಓಡಿಬಂದಳು, ಮಳೆಯಂಗಿಯೊಳಗೆ ಲ್ಯಾಪ್‌ಟಾಪನ್ನು ಕೂಸಿನಂತೆ ಅವಚಿಕೊಂಡು. ಪಶ್ಚಿಮಕ್ಕೆ ಬಂಡೆ ಬಡಿದ ಹಡಗೊಂದರಿಂದ ಎಣ್ಣೆ ಸೋರುತ್ತಿತ್ತು. ಸಮುದ್ರಕ್ಕೆ ಚೆಲ್ಲಿದ ಎಣ್ಣೆ ಎತ್ತ ಹೋಗುತ್ತದೆ, ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅಬರ್ಡೀನಿನ ಈ ಹುಡುಗಿಯ ಕೆಲಸ. ದ್ವೀಪಕ್ಕೆ ಬಂದವಳು, ಗಾಳಿಗೆ ವಿಮಾನ ನಿಂತು ಹಿಂತಿರುಗಲಾಗದೆ, ಸ್ಟೀನಿಯ ಮನೆಯಲ್ಲಿ ಉಳಿದಿದ್ದಳು.

ಪರದೆಯ ತುಂಬ ಕಪ್ಪು ಚುಕ್ಕಿಗಳು ತೆವಳುತ್ತಿದ್ದವು.

"ಒಂದೊಂದು ಚುಕ್ಕೀನೂ ಒಂದಿಷ್ಟು ಎಣ್ಣೆ. ಗಾಳಿ ತಳ್ಳುತ್ತೆ, ಕಡಲ ಹರಿವು ಎಳೆಯುತ್ತೆ. ಸ್ವಲ್ಪ ಆವಿಯಾಗಿ ಹೋಗುತ್ತೆ, ಸ್ವಲ್ಪ ಮುಳುಗುತ್ತೆ."

"ನಮ್ಮ ಚರ್ಚಿನ ಮಂದಿ ಥರಾನೇ," ಎಂದಳು ಮೆರನಕ್ಕ. "ಎಲ್ಲರೂ ಹೊರಡ್ತಾರೆ, ತಲುಪೋರು ನಾಲ್ಕು ಜನ."

"ಉಳಿದದ್ದು ನೀರು ಕುಡಿದು ಮಂದವಾಗುತ್ತೆ. ಚೆಲ್ಲಿದ್ದಕ್ಕಿಂತ ಮೂರು ಪಾಲು ಹೆಚ್ಚಾಗುತ್ತೆ."

"ಥೇಟ್ ನಮ್ಮ ಭಾವನ ಹಾಗೆ," ಎಂದ ಸ್ಟೀನಿ.

ಐಲ್ಸಾ ನಗಲಿಲ್ಲ. "ಇವತ್ತು ನೀರು ಇಳಿಯೋ ಹೊತ್ತಿಗೆ ಈ ಕೊಲ್ಲಿಗೇ ಬರುತ್ತೆ."

ಮೆರನಕ್ಕನ ಮುಖ ಬಿಗಿಯಿತು. ನೀರು ಇಳಿದರೆ ಕುರಿಗಳೂ ಪಾಚಿ ತಿನ್ನಲು ಕೆಳಗಿಳಿಯುತ್ತವೆ. ಆ ಮಂದೆ ಬಿಟ್ಟರೆ ಅವಳಿಗೆ ಬೇರೆ ಬದುಕಿಲ್ಲ. ಅವನ್ನು ಒಳಗೆ ತರಲು ಗೋಡೆಗಿದ್ದ ಒಂದೇ ಗೇಟು ದ್ವೀಪದ ಆ ತುದಿಯಲ್ಲಿ, ದಂಡೆಯಗುಂಟ ಅಲ್ಲಿಗೆ ಹೋಗುವ ಬಂಡೆದಾರಿ ಆಗ ಭರತದ ನೀರಿನಡಿಯಲ್ಲಿತ್ತು.

"ಖಂಡಿತ ಬರ್ತದೇನಮ್ಮ?"

"ಹತ್ತು ಸಲ ಲೆಕ್ಕ ಹಾಕಿದ್ರೆ ಏಳು ಸಲ ಬರುತ್ತೆ. ಗಾಳಿ ತಿರುಗಿದ್ರೆ ಪಕ್ಕಕ್ಕೆ ಹೋಗುತ್ತೆ."

"ನನ್ನ ಗಂಡಾನೂ ಹಾಗೇ. ಪಬ್ಬಿನಿಂದ ಹೊರಟ್ರೆ ಹತ್ತರಲ್ಲಿ ಏಳು ಸಲ ಮನೆಗೆ ಬರ್ತಿದ್ದ." ಮೆರನಕ್ಕ ಸ್ಟೀನಿಯತ್ತ ತಿರುಗಿದಳು. "ಆದ್ರೂ ಬಂದೇ ಬರ್ತಾನೆ ಅಂತ ಬಾಗಿಲಿಗೆ ಅಗುಳಿ ಹಾಕ್ತಿರಲಿಲ್ಲ ನಾನು. ಸ್ಟೀನಿ, ಗೋಡೆ ಕೆಡವು."

"ಯಾವ ಗೋಡೆ?"

"ಇದೇ. ನನ್ನ ಕುರಿಗೆ ಗೊತ್ತಿರೋ ದಾರಿ ಇದೊಂದೇ."

"ಮೂರು ವರ್ಷ ಕಟ್ಟು ಕಟ್ಟು ಅಂತ ತಲೆ ತಿಂದೆ. ಕೈ ಇನ್ನೂ ತೊಳ್ಕೊಂಡಿಲ್ಲ ನಾನು!"

"ತೊಳ್ಕೋಬೇಡ. ಮತ್ತೆ ಕೊಳೆ ಆಗ್ತದೆ."

ಸ್ಟೀನಿ ದೇವರನ್ನೂ ಹಡಗಿನವರನ್ನೂ ಸಮನಾಗಿ ಬೈಯುತ್ತ ಮೊದಲ ಕಲ್ಲು ಕಿತ್ತ. ನಾನೂ ಕೈ ಹಾಕಿದೆ. ಕೆಡವುವುದು ಬೇಗ ಮುಗಿಯಿತು. ಆದರೆ ಅಷ್ಟಗಲ ಬಾಯಿ ತೆರೆದ ಕಿಂಡಿಯನ್ನು ಕಂಡು ಕುರಿಗಳು ಬೆದರಿದವು. ಮೆರನಕ್ಕ ಕೂಗಿದಳು, ನಾಯಿ ಅಟ್ಟಿತು, ಐಲ್ಸಾ ಮಳೆಯಂಗಿ ಬೀಸಿದಳು. ಒಂದೂ ಒಳಗೆ ಬರಲೊಲ್ಲದು. ನೀರು ಇಳಿಯತೊಡಗಿತ್ತು.

ಸ್ಟೀನಿ ಇದ್ದಕ್ಕಿದ್ದಂತೆ ಕೊಟ್ಟಿಗೆಗೆ ಓಡಿದ. ಮಂಚ ಹೊತ್ತು ತಂದು ಮೊದಲಿನ ಜಾಗದಲ್ಲೇ ನಿಲ್ಲಿಸಿದ. ಮುಂದಿದ್ದ ಮುದಿ ಕುರಿ ಅದನ್ನು ಮೂಸಿತು, ಹಿಂದೆ ಸರಿದು ಚಂಗನೆ ಹಾರಿತು. ಹಿಂದೆಯೇ ಇಡೀ ಮಂದೆ ಒಂದೊಂದಾಗಿ ಮಂಚ ಹಾರಿ, ನೆಟ್ಟಗೆ ಎಲೆಕೋಸಿನ ಪಾತಿಗೆ ನುಗ್ಗಿತು.

ಕತ್ತಲಾಗುವ ಮುಂಚೆ ವಾಸನೆ ಬಂತು. ಆಮೇಲೆ ಎಣ್ಣೆ ಬಂತು. ಕಂದು ಬಣ್ಣದ ಮಂದ ಅಲೆಗಳು ಸದ್ದಿಲ್ಲದೆ ಪಾಚಿಯ ಮೇಲೆ ಮಗುಚಿಕೊಂಡವು. "ಬಂತು! ಹೇಳಿದ ಜಾಗಕ್ಕೇ ಬಂತು!" ಎಂದು ಐಲ್ಸಾ ಚಪ್ಪಾಳೆ ತಟ್ಟಿದಳು. ನಮ್ಮ ಮುಖ ನೋಡಿ ಕೈಗಳನ್ನು ಜೇಬಿಗೆ ತುರುಕಿಕೊಂಡಳು.

"ತಟ್ಟಮ್ಮ, ತಟ್ಟು," ಎಂದಳು ಮೆರನಕ್ಕ. "ಕುರಿ ಒಳಗವೆ."

ಪೂರ್ವದ ದಂಡೆಗೆ ಒಂದು ಚುಕ್ಕಿಯೂ ಬರುವುದಿಲ್ಲವೆಂದು ಐಲ್ಸಾ ಹೇಳಿದ್ದಳು. ಬರಲಿಲ್ಲ. ಮರುದಿನ ಮಂದೆಯನ್ನು ದ್ವೀಪದೊಳಗಿಂದಲೇ ಅಡ್ಡ ಹಾಯಿಸಿ, ಆ ತುದಿಯ ಗೇಟಿನಿಂದ ಅಲ್ಲಿಗೆ ಬಿಟ್ಟೆವು. ಹಿಂತಿರುಗುವಾಗ ಮೆರನಕ್ಕ ಕಿಂಡಿಯ ಮುಂದೆ ನಿಂತಳು.

"ಸ್ಟೀನಿ, ನಿನ್ನ ಪಾಲು ಬಿದ್ದೈತಲ್ಲೋ."

"ನಂದು ನಿನ್ನೇನೇ ತೀರ್ತು. ಕೆಡವಿಸಿದ್ದು ನೀನು. ಸಾಕ್ಷಿನ ಕೇಳು."

ಇಬ್ಬರೂ ನನ್ನನ್ನು ನೋಡಿದರು. ನಾನು ಬಗ್ಗಿ ಬೂಟಿನ ದಾರ ಕಟ್ಟತೊಡಗಿದೆ. ತಲೆಯೆತ್ತುವಷ್ಟರಲ್ಲಿ ಮೆರನಕ್ಕ ಒಂದು ಕಲ್ಲನ್ನು ಅಪ್ಪಿಕೊಂಡು ಗೋಡೆಯ ಬುಡಕ್ಕೆ ಇಡುತ್ತಿದ್ದಳು. ಸ್ಟೀನಿ ಮಂಚವನ್ನು ನೆಲಕ್ಕೆ ಮಲಗಿಸಿ, ಅದರ ಮೇಲೆ ಕುಳಿತು ಪೈಪು ಹಚ್ಚಿದ.

"ಆ ಕಲ್ಲು ಸ್ವಲ್ಪ ತಿರುಗಿಸಕ್ಕ," ಎಂದ. "ಅಲ್ಲಾಡ್ತದೆ."