ಹಲಗೆ ಗ್ರೂಪಿಗೆ ಸೇರಿದ್ದು

ಡಂಗುರದ ಕನಕಪ್ಪನಿಗೆ ಇದ್ದದ್ದು ಎರಡೇ ಕೈ, ಎರಡಕ್ಕೂ ಹಲಗೆಯಲ್ಲೇ ಕೆಲಸ. ಮೊಬೈಲು ಹಿಡಿಯಲು ದೇವರು ಮೂರನೆಯದನ್ನು ಕೊಟ್ಟಿಲ್ಲ ಎಂಬ ಸಣ್ಣ ಸಂಗತಿ ಪಂಚಾಯ್ತಿಗೆ ಹೊಸದಾಗಿ ಬಂದ ಪಿಡಿಒ ಶೀಲಾ ಮೇಡಂಗೆ ಹೊಳೆದಿರಲಿಲ್ಲ.

"ಓಣಿ ಓಣಿ ತಿರುಗೋದು ಸಾಕ್ರಿ ಕನಕಪ್ಪ. ಇನ್ಮ್ಯಾಲೆ ಸುದ್ದಿ ಎಲ್ಲಾ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕ್ರಿ. ಆಗದಿದ್ರ ನಾನ ಟೈಪ್ ಮಾಡ್ತೇನಿ, ನೀವು ಆರಾಮ ಮನ್ಯಾಗಿರ್ರಿ."

ಮನೆಯಲ್ಲಿರುವುದಂತೆ! ದುಂಡಸಿಯಿಂದ ಎರಡು ಸ್ಟಾಪು ಆಚೆಗಿನ ಈ ಕೆರೆಹಾಳದಲ್ಲಿ ಅವನ ಅಪ್ಪ, ಅಪ್ಪನ ಅಪ್ಪ ಎಲ್ಲರೂ ಹಲಗೆ ಬಾರಿಸಿಯೇ ಬದುಕಿದವರು. ಹಲಗೆ ಗೂಟಕ್ಕೆ ಏರಿದ ದಿನ ತನ್ನನ್ನು ಊರಲ್ಲಿ ಯಾರು ಕೇಳುತ್ತಾರೆ ಎಂಬ ಚಿಂತೆ ಕನಕಪ್ಪನಿಗೆ ಹತ್ತಿತು.

ವಾಟ್ಸಾಪ್ ಕಲಿತ. ಮೈಕಿನ ಚಿತ್ರ ಒತ್ತಿ ಹಿಡಿಯಬೇಕು, ಬಿಟ್ಟರೆ ಸುದ್ದಿ ಹೋಗಿಬಿಡುತ್ತದೆ. ಬಿಡದಿದ್ದರೆ ಹಲಗೆ ಬಾರಿಸುವವರು ಯಾರು? ಕೊನೆಗೆ ಒತ್ತುವ ಕೆಲಸ ಹೆಂಡತಿ ಹೊಳೆವ್ವನ ಪಾಲಿಗೆ ಬಂತು. ಮೊದಲ ಸುದ್ದಿ ನೀರಿನದು: ಪೈಪು ಒಡೆದಿದೆ, ಪರಮೇಶಪ್ಪನ ಮನೆ ಮುಂದೆ ಟ್ಯಾಂಕರ್ ಬರುತ್ತದೆ. ಒಂದೇ ಕಡೆ ನಿಂತು ಹೇಳಿದರೆ ಊರಿಗೆಲ್ಲ ಮುಟ್ಟುವುದು ಹೇಗೆ? ಅವ ಹೊಳೆವ್ವನನ್ನು ಕರಕೊಂಡು ಏಳೂ ಓಣಿಯ ಮೂಲೆಗೆ ಹೋಗಿ ಏಳು ಸಲ ಅದೇ ಸುದ್ದಿಯನ್ನು ಗ್ರೂಪಿಗೆ ಕಳಿಸಿದ.

"ನಿನಗ ತಲಿ ಕೆಟ್ಟೈತೇನು? ಗುಡಿ ಸುತ್ತಿದಂಗ ಸುತ್ತಸಾಕತ್ತೀಯಲ್ಲ!" ಎಂದು ಹೊಳೆವ್ವ ಬೈದಳು. ಬೈದದ್ದೂ ಗ್ರೂಪಿಗೆ ಹೋಯಿತು.

ಹೇಗೂ ಮೊಬೈಲಿಗೆ ಬರುತ್ತದಲ್ಲ, ಆಮೇಲೆ ಕೇಳಿದರಾಯಿತೆಂದು ಒಂದು ಬಾಗಿಲೂ ತೆರೆಯಲಿಲ್ಲ. ಗ್ರೂಪಿನಲ್ಲಿ ಹನ್ನೆರಡು ಹೆಬ್ಬೆರಳಿನ ಚಿತ್ರ ಬಂದವು, ಅಷ್ಟೆ. ಟ್ಯಾಂಕರ್ ಬಂದು ನಿಂತು, ತುಂಬಿದ್ದು ತುಂಬಿದ ಹಾಗೇ ವಾಪಸು ಹೋಯಿತು. "ಯಾರೂ ಕೇಳಾಂಗಿಲ್ರಿ ನಿಮ್ಮದು. ಸೋಮವಾರ ಮತ್ತ ಟ್ಯಾಂಕರ್ ಬರ್ತೈತಿ, ಅವತ್ತೂ ಹಿಂಗ ಆತಂದ್ರ ನಿಮ್ಮ ಹಲಗಿ ಮುಗೀತು," ಎಂದರು ಮೇಡಂ.

ಸೋಮವಾರ ಕನಕಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. ಹೊಳೆವ್ವ ಒತ್ತಿದಳು. ಅವ ನೀರಿನ ಬಡಿತ ಬಿಟ್ಟು ಸಾವಿನ ಬಡಿತ ಬಾರಿಸಿದ. ಒಂದು ಪೆಟ್ಟು, ಬಿಡುವು, ಮತ್ತೊಂದು ಪೆಟ್ಟು. ಆಮೇಲೆ ಒದರಿದ: "ಪರಮೇಶಪ್ಪನ ಮನಿ ಮುಂದ ಬರ್ರಿ!"

ಐದೇ ನಿಮಿಷ. ಏಳನೆಯ ಓಣಿಯ ದಾವಲಬಿ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿ ಬಂದಳು. ಊರಿಗೂರೇ ಬಂತು. ಪರಮೇಶಪ್ಪ ತನ್ನ ಮನೆಯಲ್ಲಿ ಸತ್ತದ್ದು ಯಾರೆಂದು ತಾನೇ ಹುಡುಕುತ್ತಿದ್ದ.

"ಯಾರ ಹ್ವಾದ್ರೋ?"

"ಯಾರೂ ಹೋಗಿಲ್ರೋ! ಟ್ಯಾಂಕರ್ ಬಂದೈತಿ, ಕೊಡಾ ತರ್ರಿ!" ಎಂದ ಕನಕಪ್ಪ.

ಬೈಗುಳಕ್ಕೆ ಲೆಕ್ಕವಿಲ್ಲ. ಆದರೆ ಟ್ಯಾಂಕರ್ ತಳ ಕಂಡಿತು. ಅಂದಿನಿಂದ ಮೂರು ವಾರ ನೀರಿಗೆ ಅದೇ ಬಡಿತ. ಮೇಡಂ ಕೂಡ ಗ್ರೂಪಿನಲ್ಲಿ ಕೈಮುಗಿದ ಚಿತ್ರ ಹಾಕಿದರು. ಕನಕಪ್ಪ ಮೀಸೆ ತಿರುವಿದ.

ನಾಲ್ಕನೇ ವಾರ ಪರಮೇಶಪ್ಪನ ತಾಯಿ ಕರೆವ್ವ ತೀರಿಕೊಂಡಳು, ತೊಂಬತ್ತು ದಾಟಿದ ಮುದುಕಿ. ಹೊಳೆವ್ವ ಮೊಬೈಲು ಒತ್ತಿದಳು, ಕನಕಪ್ಪ ಕಣ್ಣೊರೆಸಿಕೊಂಡು ಬಾರಿಸಿದ. ಒಂದು ಪೆಟ್ಟು, ಬಿಡುವು, ಮತ್ತೊಂದು ಪೆಟ್ಟು. ಪರಮೇಶಪ್ಪನ ಮನೆ ಮುಂದೆ ಬರ್ರಿ ಎಂದ, ಕರೆವ್ವನ ಹೆಸರನ್ನೂ ಹೇಳಿದ. ಬಡಿತದ ಮುಂದಿನದನ್ನು ಕೇಳುವ ತಾಳ್ಮೆ ಯಾರಿಗಿದೆ?

ಊರು ಬಂತು. ಕೊಡ, ಬಕೆಟ್ಟು, ಕ್ಯಾನು ಹಿಡಿದು ಬಂತು. ಪಾಳಿಗಾಗಿ ಜಗಳವಾಡುತ್ತ ಬಂದವರ ಎದುರಿಗೆ, ಕಟ್ಟೆಯ ಮೇಲೆ, ವಿಭೂತಿ ಹಚ್ಚಿ ಕೂರಿಸಿದ ಕರೆವ್ವ.

"ನಮ್ಮವ್ವನ್ನ ಕುಂದ್ರಿಸೇವಿ, ನೀವು ಕೊಡಾ ತಂದೀರಲ್ರೋ!" ಎಂದು ಪರಮೇಶಪ್ಪ ಹೋ ಎಂದು ಅತ್ತ. ಕನಕಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹಲಗೆ ಬಿಚ್ಚಿ ಪರಮೇಶಪ್ಪನ ಕಾಲ ಬಳಿ ಇಟ್ಟ. "ತಪ್ಪಾತ್ರಿ ಯಪ್ಪಾ. ಇನ್ನ ಇದನ್ನ ಮುಟ್ಟಾಂಗಿಲ್ಲ."

ಪರಮೇಶಪ್ಪ ಮೂಗು ಒರೆಸಿಕೊಂಡ. ಹಲಗೆಯನ್ನು ಎತ್ತಿ ಕನಕಪ್ಪನ ಕೊರಳಿಗೇ ಹಾಕಿದ.

"ಮುಟ್ಟದ ಏನ್ ಮಾಡ್ತಿಯೋ? ನಮ್ಮಪ್ಪ ಸತ್ತಾಗ ನಿಮ್ಮಪ್ಪ ಏಳು ಓಣಿ ನಡದಿದ್ದ. ನಮ್ಮವ್ವ ಏನು ಟ್ಯಾಂಕರೇನು? ಮೊಬೈಲ್ ಹೊಳೆವ್ವನ ಕೈಯಾಗ ಕೊಡು. ನೀ ನಡಿ."

ಕನಕಪ್ಪ ನಡೆದ. ಒಂದೊಂದು ಮೂಲೆಯಲ್ಲೂ ನಿಂತು ಬಾರಿಸಿದ. ಮನೆಯಲ್ಲಿ ಉಳಿದಿದ್ದವರು ಬಾಗಿಲು ತೆರೆದು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದರು. ಕರೆವ್ವ ಹೋದಳೆಂದು ಅವನಿಗೆ ಅಳು ಬರುತ್ತಿತ್ತು, ಬಾಗಿಲು ತೆರೆದವೆಂದು ಹಿಗ್ಗೂ ಆಗುತ್ತಿತ್ತು. ಏಳನೆಯ ಓಣಿಯಲ್ಲಿ ಖಾಲಿ ಕೊಡ ಹೊತ್ತು ಮನೆಗೆ ವಾಪಸಾಗುತ್ತಿದ್ದ ದಾವಲಬಿ ಎದುರಾದಳು. ಕೊಡ ಇಳಿಸಿ ಕೇಳಿದಳು:

"ಕನಕಪ್ಪಣ್ಣ, ನಾಳೆ ನೀರಿಗೂ ನೀನ ಬರ್ತೀಯಲ್ಲ?"