ಟರ್ಕಿ ಹುಂಜದ ಬಾಣಂತನ

ಪಂತೆಲಿಮೋನ್ ಪಟ್ಟಣದಲ್ಲಿ ಟ್ರಾಮ್ ಓಡಿಸಿ ನಿವೃತ್ತನಾಗಿ ನಮ್ಮ ಪಕ್ಕದ ಮನೆ ಕೊಂಡಾಗ, ಅವನಿಗೆ ಕೋಳಿ ಎಂದರೆ ಸೂಪಿನಲ್ಲಿ ತೇಲುವ ಕಾಲು ಅಷ್ಟೇ ಗೊತ್ತಿತ್ತು. ಸಂತೆಗೆ ಹೋದವನು ಒಂದೇ ಜಾತಿ ತಂದಿದ್ದರೆ ಬಚಾವಾಗುತ್ತಿದ್ದ. ಇವನೋ ಕತ್ತಿನಲ್ಲಿ ಪುಕ್ಕವೇ ಇಲ್ಲದ ಬೋಳುಕತ್ತಿನ ಕೋಳಿಗಳು, ಪಾದದ ತುಂಬ ಪುಕ್ಕವಿರುವ ಒಂದು ಗಿಡ್ಡ ಹುಂಜ, ಒಂದು ಜೋಡಿ ಬಾತು, ಸಾಲದ್ದಕ್ಕೆ ಒಂಟಿ ಟರ್ಕಿ ಹುಂಜವೊಂದನ್ನು ಹೊತ್ತು ತಂದ.

"ಇದನ್ನ್ಯಾಕಪ್ಪಾ ತಂದೆ?" ಎಂದೆ.

"ಮುಖ ನೋಡಿ ಸಫ್ತಕ್ಕ, ಎಷ್ಟು ಗಂಭೀರವಾಗಿದೆ!"

ಮುಖ ನೋಡಿ ಕೋಳಿ ಕೊಳ್ಳುವವನನ್ನು ನಾನು ಕಂಡದ್ದು ಅದೇ ಮೊದಲು. ಬೋಳುಕತ್ತಿಗೆ ಚಳಿಯಾದೀತೆಂದು ಹೆಂಡತಿಯ ಹಳೆಯ ಉಣ್ಣೆ ಕಾಲುಚೀಲ ಕತ್ತರಿಸಿ ಕೋಳಿಗಳಿಗೆ ತೊಡಿಸಿದ. ಗಿಡ್ಡ ಹುಂಜಕ್ಕೆ ತನ್ನವರ ಗುರುತೇ ಸಿಗದೆ, ಎಲ್ಲವನ್ನೂ ಅಂಗಳದ ತುಂಬ ಅಟ್ಟಾಡಿಸಿ ಕುಕ್ಕಿತು. ಊರಿಗೆ ಊರೇ ಬೇಲಿ ಹಿಡಿದು ನಿಂತು ನಕ್ಕಿತು.

ಫೋನಿನಲ್ಲಿ ಸುದ್ದಿ ಕೇಳಿದ ಹೆಂಡತಿ ಅಸ್ಪಾಜಿಯಾ ಮಾತ್ರ ನಗಲಿಲ್ಲ. ಅವಳಿನ್ನೂ ಪಟ್ಟಣದ ಫ್ಲ್ಯಾಟು ಬಿಟ್ಟು ಬಂದಿರಲಿಲ್ಲ. ಜೂನ್ ಕೊನೆಗೆ ಸಂತ ಪೇತ್ರನ ಹಬ್ಬಕ್ಕೆ ಬರುತ್ತೇನೆ, ಅಷ್ಟರಲ್ಲಿ ಮರಿ ಮಾಡಿಸಿ ನೆಟ್ಟಗೆ ಸಾಕಿರಬೇಕು, ಇಲ್ಲವಾದರೆ ಎಲ್ಲ ಮಾರಿ, ಬೀಗ ಜಡಿದು, ನನ್ನ ಜೊತೆ ನಾಲ್ಕನೇ ಮಹಡಿಗೆ ನಡಿ ಎಂದಿದ್ದಳು. ನಾಲ್ಕನೇ ಮಹಡಿ ಎಂದರೆ ಪಂತೆಲಿಮೋನನಿಗೆ ಅಳುವೇ ಬರುತ್ತಿತ್ತು.

ಆದರೆ ಕಾವಿಗೆ ಕೂರಲು ಒಂದು ಕೋಳಿಯೂ ತಯಾರಿಲ್ಲ. ಕೊನೆಗೆ ನನಗೇ ಕನಿಕರ ಬಂತು. "ಟರ್ಕಿ ಹುಂಜಕ್ಕೆ ಪ್ಲಮ್ ಸಾರಾಯಿಲಿ ನೆನೆಸಿದ ಬ್ರೆಡ್ ತಿನ್ನಿಸು. ಅಮಲೇರಿದ ಮೇಲೆ ಮೊಟ್ಟೆ ಮೇಲೆ ಕೂರಿಸಿ ಬುಟ್ಟಿ ಮುಚ್ಚು. ಎದ್ದಾಗ ತಾನೇ ಇಟ್ಟ ಮೊಟ್ಟೆ ಅಂದ್ಕೊಳ್ತದೆ."

"ಗಂಡು ಅಲ್ವಾ ಅಕ್ಕಾ ಅದು?"

"ಕುಡಿದ್ಮೇಲೆ ಅದಕ್ಕೆಲ್ಲಿ ನೆನಪಿರ್ತದೆ? ಬಾತಿನ ಮೊಟ್ಟೆ ಮೊದ್ಲು ಇಡು, ಒಂದು ವಾರ ಬಿಟ್ಟು ಕೋಳೀದು. ಬಾತು ಒಡೆಯೋದು ನಿಧಾನ."

ಮಹಾನುಭಾವ ಎಲ್ಲವನ್ನೂ ಒಟ್ಟಿಗೇ ಇಟ್ಟ! ಟರ್ಕಿಯೊಂದೇ ಕುಡಿದರೆ ಬೇಜಾರಾದೀತೆಂದು ತಾನೂ ಜೊತೆಗೆ ಕುಡಿದ. ಕೋಳಿಮರಿಗಳು ಒಡೆದು ಬಂದವು. ಟರ್ಕಿ ಸಂಭ್ರಮದಿಂದ ಎದ್ದು ಹೊರಟಿತು, ಬಾತಿನ ಮೊಟ್ಟೆ ಹಾಗೇ ಉಳಿದವು. ಮತ್ತೆ ಸಾರಾಯಿ, ಮತ್ತೆ ಬುಟ್ಟಿ. ಅಂತೂ ಇಂತೂ ಒಂದೇ ಒಂದು ಬಾತುಮರಿ ಹೊರಬಂತು. ಕಾವು ಮುಗಿದರೂ ಟರ್ಕಿಯ ಚಟ ಮುಗಿಯಲಿಲ್ಲ. ದಿನಾ ಬೆಳಿಗ್ಗೆ ಅಡುಗೆಮನೆ ಬಾಗಿಲಿಗೆ ಬಂದು ಕುಕ್ಕುತ್ತಿತ್ತು, ಕೊಡುವವರೆಗೂ ಬಿಡುತ್ತಿರಲಿಲ್ಲ.

ಹಬ್ಬದ ದಿನ ಅಸ್ಪಾಜಿಯಾ ಹೊಸ ಬಿಳಿ ಶೂ ಮೆಟ್ಟಿ ಬಸ್ಸಿಳಿದಳು. ಅಂಗಳದಲ್ಲಿ ಮರಿಗಳೇನೋ ಇದ್ದವು. ಅವುಗಳ ಮುಂದೆ ತೂರಾಡುವ ತಾಯಿ, ತಾಯಿಯ ಹಿಂದೆ ತೂರಾಡುವ ಗಂಡ.

"ನೀನು ಹಾಳಾಗಿದ್ದು ಸಾಲ್ದು ಅಂತ ಕೋಳಿಗೂ ಕುಡಿಯೋದು ಕಲಿಸಿದೀಯಾ? ಇದನ್ನ ಸಾಕೋದು ಅಂತಾರಾ?" ಎಂದು ಕಿರುಚಿ, ರಸ್ತೆಯಲ್ಲಿ ಹೋಗುತ್ತಿದ್ದ ಕೋಳಿ ವ್ಯಾಪಾರಿಯ ವ್ಯಾನಿಗೆ ಕೈ ಅಡ್ಡ ಹಿಡಿದಳು. "ಎಲ್ಲಾ ತಗೊಂಡ್ಹೋಗಪ್ಪ! ಟರ್ಕಿ ಮೊದ್ಲು!"

ಪಂತೆಲಿಮೋನ್ ಮೆಟ್ಟಿಲ ಮೇಲೆ ಕುಸಿದು ಕುಳಿತ. ನಾನೂ ಅವನ ಪಕ್ಕ ಕುಳಿತೆ.

ಅಷ್ಟರಲ್ಲಿ ಬಾತುಮರಿ ಬೇಲಿ ನುಸುಳಿ, ಆಚೆಗಿದ್ದ ಹೊಂಡಕ್ಕೆ ಪುಳಕ್ಕನೆ ಇಳಿಯಿತು. ಅದರ ಪಾಡಿಗೆ ಅದು ಸುಖವಾಗಿ ಈಜುತ್ತಿತ್ತು. ಟರ್ಕಿಗೆ ಅದೆಲ್ಲಿ ಗೊತ್ತು? ಮಗು ಮುಳುಗಿತೆಂದು ಎದೆಯೊಡೆದು ಕೂಗುತ್ತ ಬೇಲಿ ಹಾರಿ ತಾನೂ ನೀರಿಗೆ ಬಿತ್ತು. ರೆಕ್ಕೆ ಬಡಿಯಿತು, ಮುಳುಗಿತು, ಎದ್ದಿತು, ಮತ್ತೆ ಮುಳುಗಿತು.

"ಅಯ್ಯೋ, ಮಗು ಅಂತ ಹೋಗ್ಬಿಟ್ಲಲ್ಲೋ!" ಎಂದು ಚೀರಿದವಳು ಅಸ್ಪಾಜಿಯಾ. ನಾವು ಏಳುವ ಮೊದಲೇ ಬಿಳಿ ಶೂ ಸಮೇತ ಕೆಸರಿಗಿಳಿದು, ಸೊಂಟದವರೆಗೆ ನೀರಿನಲ್ಲಿ ನಡೆದು, ಟರ್ಕಿಯನ್ನು ತಬ್ಬಿಕೊಂಡು ಬಂದಳು.

ವ್ಯಾಪಾರಿ ಚೀಲ ಬಿಡಿಸಿ ಹಿಡಿದ. "ಹಾಕಿ ಇದ್ರೊಳಗೆ."

"ಕಣ್ಣಿಲ್ವೇನೋ ನಿಂಗೆ? ಬಾಣಂತೀನ ಯಾರಾದ್ರೂ ಮಾರ್ತಾರಾ?"

ವ್ಯಾನು ಹೋಯಿತು. ಟರ್ಕಿ ಗಡಗಡ ನಡುಗುತ್ತಿತ್ತು. ಅಸ್ಪಾಜಿಯಾ ಗಂಡನ ಮುಖ ನೋಡದೆ, "ನೋಡ್ತಾ ಕೂತಿದೀಯಲ್ಲ, ಒಂಚೂರು ಸಾರಾಯಿ ತಾ" ಎಂದಳು. ಅವನ ಬಾಟಲಿ ಎಂದೋ ಬರಿದಾಗಿತ್ತು. ನಾನೇ ನಮ್ಮ ಮನೆಯದನ್ನು ತಂದೆ. ಟರ್ಕಿಗೊಂದು ತುಂಡು ಬ್ರೆಡ್, ಚಳಿಗೆಂದು ಅಸ್ಪಾಜಿಯಾಗೆ ಒಂದು ಲೋಟ.

ಸಾರಾಯಿ ಒಳಗಿಳಿದದ್ದೇ ತಡ, ಟರ್ಕಿ ಮೊಟ್ಟೆ ಹುಡುಕಿತು. ಕೆಸರು ತೊಳೆದು ಬಿಸಿಲಿಗೆ ಬಿಚ್ಚಿಟ್ಟ ಶೂ ಬೆಳ್ಳಗೆ ಕಂಡಿರಬೇಕು, ಎರಡನ್ನೂ ಹೊಟ್ಟೆಯಡಿ ಎಳೆದುಕೊಂಡು ಕಾವಿಗೆ ಕೂತೇಬಿಟ್ಟಿತು. ಕೈ ಹಾಕಿದವರಿಗೆಲ್ಲ ಕುಕ್ಕಿತು. ಪಂತೆಲಿಮೋನ್ ಎಂದಿನಂತೆ ಬುಟ್ಟಿ ಮುಚ್ಚಿದ. ಸಂಜೆ ಪಟ್ಟಣದ ಬಸ್ಸು ಬಂದು ಹಾರನ್ ಹೊಡೆಯಿತು.

"ಬರಿಗಾಲಲ್ಲಿ ಹೆಂಗೆ ಹೋಗ್ಲಿ?" ಎಂದು ಅಸ್ಪಾಜಿಯಾ ಗಂಡನನ್ನೇ ಗದರಿದಳು.

ಬೇಸಿಗೆ ಮುಗಿಯುತ್ತ ಬಂದಿದೆ. ಟರ್ಕಿ ಎದ್ದು ಎಷ್ಟೋ ಕಾಲವಾಯಿತು, ಆ ಶೂ ಇನ್ನೂ ಬುಟ್ಟಿಯಡಿಯಲ್ಲೇ ಇವೆ.